ಶಾಲು ಸರಿಮಾಡಿದ ಕೈ

ಶನಿವಾರ, ಸಂಜೆ

ಪ್ರೀತಿಯ ಅತ್ತೆಗೆ,

ಮನೆಯಲ್ಲಿ ಎಲ್ಲವೂ ಸರಿಯಾಗಿದೆ, ನಾನೊಬ್ಬಳನ್ನು ಬಿಟ್ಟು. ನಿಮ್ಮ ಮೊಮ್ಮಗಳು ಊಟ ಮಾಡಿದ್ದಾಳೆ. ಅಡುಗೆಮನೆಯ ನಲ್ಲಿ ಸೋರುವುದು ನಿಂತಿದೆ. ಬಾಲ್ಕನಿಯ ಗಿಡಗಳಿಗೆ ನೀವು ಹೇಳಿದಂತೆ ಬುಡಕ್ಕೇ ನೀರು ಹಾಕುತ್ತಿದ್ದೇನೆ, ಎಲೆಗಲ್ಲ. ನಾದಿನಿಗೂ ಕೂಸಿಗೂ ನನ್ನ ಪ್ರೀತಿ ತಿಳಿಸಿ. ಆದರೆ ಈ ಪತ್ರವನ್ನು ಅವಳ ಎದುರು ಓದಬೇಡಿ. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಓದಿ.

ಫೋನ್ ಮಾಡಿದ್ದರೆ ಆಗುತ್ತಿರಲಿಲ್ಲವೇ ಅಂತ ನೀವು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ನೀವು ಫೋನನ್ನು ಸ್ಪೀಕರಿಗೆ ಹಾಕಿ ಬೀದಿಗೆಲ್ಲ ಕೇಳುವಂತೆ ಮಾತಾಡುವವರು. ಈ ವಿಷಯ ಬೀದಿಗೆ ಬೇಡ. ಪಕ್ಕದ ಮನೆಯ ಟೀಚರ್ ನಾಳೆ ನೀವಿರುವ ಊರಿಗೇ ಬರುತ್ತಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಸೋಮವಾರ ನನ್ನನ್ನು ವಿಚಾರಣೆಗೆ ಕರೆದಿದ್ದಾರೆ. ಅಷ್ಟರೊಳಗೆ ನೀವು ಇದನ್ನು ಓದಿರಬೇಕು.

ನನಗೆ ತುಂಬಾ ಭಯವಾಗುತ್ತಿದೆ ಅತ್ತೆ. ಬಾಗಿಲು ಬಡಿದರೆ ನನ್ನನ್ನೇ ಕರೆದೊಯ್ಯಲು ಬಂದರು ಅನ್ನಿಸುತ್ತದೆ. ನಿನ್ನೆ ಹಾಲಿನವನನ್ನು ಕಂಡು ಕೈಯಲ್ಲಿದ್ದ ಪಾತ್ರೆ ಬಿಟ್ಟುಬಿಟ್ಟೆ. ಅವನು ಪಾಪ, ತಾನೇ ಏನೋ ತಪ್ಪು ಮಾಡಿದವನಂತೆ ಕ್ಷಮೆ ಕೇಳಿ ಹೋದ.

ಅವತ್ತು ನಡೆದದ್ದರಲ್ಲಿ ನಿಮಗೆ ಅರ್ಧ ಮಾತ್ರ ಗೊತ್ತು. ಉಳಿದರ್ಧ ಹೇಳುತ್ತೇನೆ.

ವಿಮಾನ ನಿಲ್ದಾಣದಲ್ಲಿ ತಪಾಸಣೆ ಮಾಡುವ ನಮ್ಮನ್ನೂ ಯಾರೋ ತಪಾಸಣೆ ಮಾಡುತ್ತಾರೆ. ಪ್ರಯಾಣಿಕರ ವೇಷದಲ್ಲಿ ಪರೀಕ್ಷಕರು ಬಂದು, ನಕಲಿ ಬಾಂಬನ್ನು ಬಚ್ಚಿಟ್ಟುಕೊಂಡು ನಮ್ಮ ಸಾಲಿನಲ್ಲಿ ನಿಲ್ಲುತ್ತಾರೆ. ಹಿಡಿದರೆ ಶಹಬ್ಬಾಸ್‌ಗಿರಿ, ಬಿಟ್ಟರೆ ಕೆಲಸಕ್ಕೆ ಕುತ್ತು. ನೀವು ಹೊರಡುವುದಕ್ಕೆ ಕೆಲವು ದಿನ ಮುಂಚೆ ಅಂಥದೊಂದು ಪರೀಕ್ಷೆಯ ಫಲಿತಾಂಶ ಹೇಗೋ ಪತ್ರಿಕೆಗೆ ಸಿಕ್ಕಿತು. ನಮ್ಮವರು ಬಹುಪಾಲು ನಕಲಿ ಬಾಂಬುಗಳನ್ನು ಒಳಗೆ ಬಿಟ್ಟಿದ್ದರು. ಅದರಲ್ಲೊಂದು ಗಾಲಿಕುರ್ಚಿಯಲ್ಲಿ ಕೂತ ಮುದುಕಿಯ ದಿಂಬಿನ ಅಡಿಯಲ್ಲಿತ್ತು. ಪಾಪ ಅಂತ ಆಕೆಯನ್ನು ಯಾರೂ ಎಬ್ಬಿಸಿರಲಿಲ್ಲ. ಎಬ್ಬಿಸದವಳು ನನ್ನ ಪಕ್ಕದ ಸಾಲಿನಲ್ಲಿ ನಿಲ್ಲುತ್ತಿದ್ದ ಗೆಳತಿ. ಮರುದಿನ ಅವಳ ಲಾಕರ್ ಖಾಲಿಯಾಗಿತ್ತು.

ಅಲ್ಲಿಂದಾಚೆಗೆ ನಾವು ಮನುಷ್ಯರನ್ನು ಮನುಷ್ಯರಂತೆ ನೋಡುವುದನ್ನೇ ಬಿಟ್ಟೆವು. ಅಳುವ ಮಗು ಬಂದರೆ, ಅಳು ನಿಜವೋ ಕಲಿಸಿದ್ದೋ ಎಂಬ ಯೋಚನೆ. ನಮ್ಮ ಮೇಲ್ವಿಚಾರಕ, ಅದೇ ನಾವು ಗೂಬೆ ಅಂತ ಕರೆಯುವವರು, ಹಿಂದೆ ಬಂದು ನಿಂತರೆ ಒಂದೇ ಚೀಲವನ್ನು ಎರಡೆರಡು ಸಲ ಬಿಚ್ಚಿಸುತ್ತಿದ್ದೆವು. ಸಾಲುಗಳು ಹೊರಗಿನ ಬಾಗಿಲು ದಾಟಿ ರಸ್ತೆಗೆ ಬಂದವು. ಜನ ವಿಮಾನ ತಪ್ಪಿಸಿಕೊಂಡು ನಮಗೆ ಹಿಡಿಶಾಪ ಹಾಕಿದರು. ಇವನ್ನೆಲ್ಲ ನಿಮಗೆ ಹೇಳಿರಲಿಲ್ಲ. ನಿಮ್ಮ ಮಗಳ ಹೆರಿಗೆಯ ಚಿಂತೆಯೇ ನಿಮಗೆ ಸಾಕಾಗಿತ್ತು.

ಹೊರಡುವ ಬೆಳಿಗ್ಗೆ ನಾನು ನಿಮ್ಮ ಕೈಗೆ ಕ್ರೀಮ್ ಹಚ್ಚಿದೆನಲ್ಲ, ನೆನಪಿದೆಯೇ? ಆಸ್ಪತ್ರೆಯ ಲಾಂಡ್ರಿಯಲ್ಲಿ ಸೋಡಾ ನೀರಿಗೆ ಒಡ್ಡಿ ಒಡ್ಡಿ ಬಿರುಕುಬಿಟ್ಟ ಕೈ ನಿಮ್ಮದು. ಎಳೆಗೂಸನ್ನು ಎತ್ತಿಕೊಳ್ಳುವ ಕೈ, ಮೆತ್ತಗಿರಲಿ ಅಂದೆ. ಈ ವಯಸ್ಸಲ್ಲಿ ನನಗ್ಯಾಕೆ ಸಿಂಗಾರ ಅಂತ ಬೈದಿರಿ, ಆದರೆ ಇನ್ನೊಂದು ಕೈಯನ್ನೂ ಚಾಚಿದಿರಿ. ಆಮೇಲೆ ನಾನು ಸೋಪಿನಿಂದ ಕೈ ತೊಳೆದುಕೊಂಡು ಮೊದಲ ಬಸ್ಸಿಗೆ ಓಡಿದೆ. ನೀವು ಟ್ಯಾಕ್ಸಿಯಲ್ಲಿ ಆಮೇಲೆ ಬಂದಿರಿ.

ನನ್ನ ಆ ಕ್ರೀಮಿನ ಟ್ಯೂಬು ಯಾಕೆ ಹೊಸದಾಗಿಯೇ ಉಳಿದಿತ್ತು ಗೊತ್ತೇ? ನಮ್ಮ ಕೆಲಸದವರು ಕೈಗೆ ಕ್ರೀಮ್ ಹಚ್ಚುವಂತಿಲ್ಲ. ಒಂದು ತುಂಡು ಬಟ್ಟೆಯನ್ನು ಪ್ರಯಾಣಿಕರ ಕೈಗೆ, ಕುರ್ಚಿಗೆ ಒರೆಸಿ ಯಂತ್ರಕ್ಕೆ ಕೊಡುತ್ತೇವೆ. ಸ್ಫೋಟಕದ ಒಂದು ಕಣ ಇದ್ದರೂ ಅದು ಕೂಗುತ್ತದೆ. ಗ್ಲಿಸರಿನ್ ಇರುವ ಕ್ರೀಮು ತಾಗಿದರೂ ಒಮ್ಮೊಮ್ಮೆ ಹಾಗೇ ಕೂಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನ ನಮಗೆ ಕಲಿಸುವ ಪಾಠ ಅದು. ಕೆಲಸದಲ್ಲಿ ಅಷ್ಟು ಎಚ್ಚರವಿದ್ದವಳು ಮನೆಯಲ್ಲಿ ಕೂತು ಅದೇ ಟ್ಯೂಬನ್ನು ಒತ್ತಿ ಒತ್ತಿ ನಿಮ್ಮ ಕೈಗೆ ಬಳಿದೆ. ನನ್ನ ತಲೆಯಲ್ಲಿ ಆಗ ನೀವಿದ್ದಿರಿ, ಯಂತ್ರ ಇರಲಿಲ್ಲ.

ನನ್ನ ಸಾಲಿಗೆ ಬರಬೇಡಿ ಅಂತ ನಿಮಗೆ ಹೇಳಿದ್ದೆ. ನೀವೂ ಮರೆತಿರಲಿಲ್ಲ. ಆದರೆ ನಿಮ್ಮ ಗಾಲಿಕುರ್ಚಿ ಹೋಗುವಷ್ಟು ಅಗಲದ ದಾರಿ ಅವತ್ತು ತೆರೆದಿದ್ದದ್ದು ನನ್ನ ಸಾಲಿನಲ್ಲಿ ಮಾತ್ರ. ಮನೆಯವರು ಎದುರು ಬಂದರೆ ನಾವು ಕೈ ಎತ್ತಿ ಇನ್ನೊಬ್ಬರನ್ನು ಕರೆದು ಪಕ್ಕಕ್ಕೆ ಸರಿಯಬೇಕು. ನಾನು ಕೈ ಎತ್ತಲಿಲ್ಲ. ಎತ್ತಿದ್ದರೆ ಬರುತ್ತಿದ್ದವಳು ಹೊಸ ಹುಡುಗಿ, ಭಯಕ್ಕೆ ಎಲ್ಲರನ್ನೂ ರಟ್ಟೆ ಹಿಡಿದು ಎಬ್ಬಿಸುತ್ತಿದ್ದಳು. ನಿಮ್ಮ ಸೊಂಟದ ಆಪರೇಷನ್ ಆಗಿ ಎಷ್ಟು ದಿನವಾಯಿತೆಂದು ಅವಳಿಗೇನು ಗೊತ್ತು? ನಾನೇ ಮೆಲ್ಲಗೆ ಮುಗಿಸಿ ಕಳಿಸಿಬಿಡೋಣ ಅಂದುಕೊಂಡೆ. ನೀವೂ ಬೇರೆ ಯಾರನ್ನೋ ನೋಡಿದಂತೆ ನನ್ನ ಮುಖ ನೋಡಿದಿರಿ. ನಾನು ಬಗ್ಗಿ ನಿಮ್ಮ ಎಡಗಾಲಿನ ಬೂಟಿನ ಹಟಮಾರಿ ಪಟ್ಟಿ ಬಿಡಿಸಿದೆ. ಜಾರಿದ ಶಾಲನ್ನು ಹೆಗಲಿಗೆ ಏರಿಸಿದೆ. ನಿಮ್ಮ ಕೈಗೆ ಬಟ್ಟೆ ಒರೆಸಿ ಯಂತ್ರಕ್ಕೆ ಕೊಟ್ಟೆ.

ಅದು ಕೂಗಿತು. ನಾನು ಹಿಂದಕ್ಕೆ ಸರಿದೆ. ಯಂತ್ರ ಕೂಗಿದರೆ ಹಿಂದೆ ಸರಿದು ನಿಲ್ಲಬೇಕು, ಅದು ನಮ್ಮ ನಿಯಮ. ನೀವು ಅದನ್ನು ತಪ್ಪು ತಿಳಿಯಬಾರದು.

ಮುಂದಿನದು ನಿಮಗೇ ಗೊತ್ತು. ಕಾವಲಿನವರು ಓಡಿ ಬಂದರು. ಸಾಲಿನಲ್ಲಿದ್ದ ಜನ ದಬದಬ ಹಿಂದೆ ಸರಿದರು, ಒಬ್ಬರ ಮೇಲೊಬ್ಬರು ಬಿದ್ದರು. ನಿಮ್ಮನ್ನು ಕುರ್ಚಿಯಿಂದ ಎಬ್ಬಿಸಿ, ಬರಿಗಾಲಲ್ಲೇ ನಡೆಸಿಕೊಂಡು ಒಳಗಿನ ಕೋಣೆಗೆ ಹೊರಟರು. ನೀವು ಒಮ್ಮೆ ತಿರುಗಿ ನೋಡಿದಿರಿ. ಅದನ್ನು ಗೂಬೆ ಕಂಡರು. ಯಾಕಮ್ಮಾ, ಇವರು ನಿಮಗೆ ಗೊತ್ತಾ ಅಂತ ನಿಮ್ಮನ್ನು ಕೇಳಿದರು. ನೀವು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇಲ್ಲಪ್ಪ, ನನ್ನ ಸೊಸೆ ಥರ ಕಾಣಿಸಿದಳು ಅಂತ ನೋಡ್ದೆ, ಆದ್ರೆ ನನ್ನ ಸೊಸೆ ಇಷ್ಟು ತೆಳ್ಳಗಿಲ್ಲ ಅಂದಿರಿ. ಕಾವಲಿನವನೊಬ್ಬ ನಕ್ಕುಬಿಟ್ಟ. ಬೇರೆ ದಿನವಾಗಿದ್ದರೆ ಆ ಮಾತಿಗೆ ನಾನು ಒಂದು ವಾರ ನಿಮ್ಮೊಂದಿಗೆ ಮಾತು ಬಿಡುತ್ತಿದ್ದೆ.

ಕೈಗವಸು ಕಳಚಿದಾಗ ನನ್ನ ಮೂಗಿಗೆ ಕ್ರೀಮಿನ ವಾಸನೆ ಬಡಿಯಿತು. ಆಗ ಎಲ್ಲ ತಿಳಿಯಿತು. ಆ ಕೋಣೆಯ ಬಾಗಿಲು ನನ್ನಿಂದ ನಾಲ್ಕು ಮಾರು ದೂರದಲ್ಲಿತ್ತು. ಬಾಗಿಲು ತೆರೆದು, ಅದು ಕ್ರೀಮು, ನಾನೇ ಹಚ್ಚಿದ್ದು, ಇವರು ನನ್ನ ಅತ್ತೆ ಅಂದಿದ್ದರೆ ನಿಮ್ಮನ್ನು ಆಗಲೇ ಬಿಡುತ್ತಿದ್ದರು. ನನ್ನ ಕಣ್ಣ ಮುಂದೆ ಗೆಳತಿಯ ಖಾಲಿ ಲಾಕರ್ ಬಂತು. ಬಾಡಿಗೆ, ಮಗಳ ಶಾಲೆ ಎಲ್ಲ ಬಂದವು. ನಾನು ಹೊಸ ಕೈಗವಸು ಹಾಕಿಕೊಂಡು ಮುಂದಿನ ಪ್ರಯಾಣಿಕರನ್ನು ಕರೆದೆ.

ನಿಮ್ಮ ವಿಮಾನ ಹೋಯಿತು. ನಿಮ್ಮ ಮಗಳು ಅಲ್ಲಿ ಹೆರುವಾಗ ನೀವು ಇಲ್ಲಿ ಕಿಟಕಿಯಿಲ್ಲದ ಕೋಣೆಯಲ್ಲಿ ಬರಿಗಾಲಲ್ಲಿ ಕೂತಿದ್ದಿರಿ. ಸಂಜೆ ಇನ್ನೊಂದು ವಿಮಾನಕ್ಕೆ ಹತ್ತಿಸಿದರು ಅಂತ ಆಮೇಲೆ ತಿಳಿಯಿತು. ಕೂಸನ್ನು ಮೊದಲು ಎತ್ತಿಕೊಂಡವರು ಯಾರೋ ನರ್ಸು. ಫೋನಿನಲ್ಲಿ ನೀವು, ಗಿಡಕ್ಕೆ ನೀರು ಹಾಕಿದೆಯಾ ಅಂತ ಕೇಳಿದಿರಿ.

ಇದು ಇಲ್ಲಿಗೇ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಸಾಲಿನಲ್ಲಿದ್ದ ಯಾರೋ ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದಿದ್ದಾರೆ. ಆ ವಿಡಿಯೊ ಈಗ ಎಲ್ಲರ ಕೈಯಲ್ಲಿದೆ. ಮುದುಕಿಯನ್ನು ಬರಿಗಾಲಲ್ಲಿ ನಡೆಸಿದ ರಾಕ್ಷಸರು ಅಂತ ಅರ್ಧ ಜನ, ನಕಲಿ ಬಾಂಬ್ ಬಿಟ್ಟವರಿಗೆ ಈಗಲಾದರೂ ಬುದ್ಧಿ ಬಂತು ಅಂತ ಇನ್ನರ್ಧ ಜನ. ಟಿವಿಯಲ್ಲಿ ಕೂತು ಜಗಳವಾಡುತ್ತಿದ್ದಾರೆ. ವಿಡಿಯೊದಲ್ಲಿ ನನ್ನ ಮುಖ ಕಾಣುವುದಿಲ್ಲ, ಬೆನ್ನು ಮಾತ್ರ. ಮತ್ತೆ ಆ ಕೈ, ಶಾಲು ಸರಿಮಾಡಿದ್ದು.

ಗೂಬೆ ಅದನ್ನೇ ಹಿಡಿದಿದ್ದಾರೆ. ಗುರುವಾರ ನನ್ನನ್ನು ಕರೆದು ಆ ತುಣುಕನ್ನು ಮತ್ತೆ ಮತ್ತೆ ಹಾಕಿ ತೋರಿಸಿದರು. ಗೊತ್ತಿಲ್ಲದೋರ ಶಾಲನ್ನ ಯಾರಾದ್ರೂ ಹೀಗೆ ಸರಿಮಾಡ್ತಾರೇನಮ್ಮಾ ಅಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ನಾನು ವಯಸ್ಸಾದವರಲ್ಲವೇ ಸರ್ ಅಂದೆ. ಅದನ್ನು ಸೋಮವಾರ ಮೇಲಿನವರ ಎದುರು ಹೇಳಿ ಅಂದರು. ನಿಮ್ಮ ಪಾಸ್‌ಪೋರ್ಟಿನಲ್ಲಿ ಹಳೆಯ ಮನೆಯ ವಿಳಾಸ ಇರುವುದರಿಂದ ನಾನು ಇಷ್ಟು ದಿನ ಉಳಿದಿದ್ದೇನೆ. ಯಾರಾದರೂ ಒಂದೇ ಒಂದು ಫೋನ್ ಮಾಡಿದರೆ ಸಾಕು, ಎಲ್ಲ ಹೊರಬೀಳುತ್ತದೆ.

ಸುಳ್ಳು ಹೇಳಲು ತಯಾರಾಗಿಯೇ ಇದ್ದೆ ಅತ್ತೆ. ಕನ್ನಡಿಯ ಮುಂದೆ ನಿಂತು, ಆಕೆ ಯಾರೋ ನನಗೆ ಗೊತ್ತಿಲ್ಲ ಸರ್ ಅಂತ ಹೇಳಿ ಹೇಳಿ ಕಲಿತಿದ್ದೆ. ನಿನ್ನೆ ಮಗಳು ಶಾಲೆಯಿಂದ ಬಂದವಳು ಚೀಲ ಇಳಿಸುವ ಮೊದಲೇ, ಅಮ್ಮಾ, ವಿಡಿಯೊದಲ್ಲಿರೋದು ನಮ್ಮಜ್ಜಿ ಅಲ್ವಾ ಅಂದಳು. ನಾನು ಅವಳ ಬಾಯಿ ಮುಚ್ಚಿದೆ. ಮಾತಿನಿಂದಲ್ಲ, ಕೈಯಿಂದಲೇ. ಯಾರಿಗೂ ಹೇಳಬಾರದು, ಅದು ಅಜ್ಜಿ ಅಲ್ಲ ಅಂದೆ. ಅವಳು ತಲೆಯಾಡಿಸಿದಳು. ಸ್ವಲ್ಪ ಹೊತ್ತಿನ ಮೇಲೆ ನೀವು ಮಲಗುವ ಮಂಚದ ಮೇಲೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಅಜ್ಜಿ ತಪ್ಪು ಮಾಡಿದ್ರಾ ಅಂತ ಗೋಡೆಯನ್ನೇ ಕೇಳಿದಳು.

ನಿಮ್ಮ ಮಗ ತೀರಿಕೊಂಡಾಗ ನಿಮ್ಮ ಕಡೆಯವರು ನನ್ನನ್ನು ತವರಿಗೆ ಕಳಿಸಿ ಅಂದರು. ನೀವು ನನಗೆ, ನೀನು ಕೆಲಸ ಹುಡುಕು, ಮಗು ನಾನು ನೋಡ್ಕೋತೀನಿ ಅಂದಿರಿ, ಅಷ್ಟೆ. ಆ ಕೆಲಸವನ್ನು ಉಳಿಸಿಕೊಳ್ಳಲು ನಾನು ನೀವು ಯಾರೋ ಗೊತ್ತಿಲ್ಲ ಅಂದರೆ, ಆಮೇಲೆ ಆ ಸಂಬಳದ ಅನ್ನವನ್ನು ಯಾವ ಮುಖದಿಂದ ನಿಮಗೆ ಬಡಿಸಲಿ?

ಹಾಗಾಗಿ ಸೋಮವಾರ ಇದ್ದದ್ದನ್ನು ಇದ್ದಂತೆ ಹೇಳಿಬಿಡುತ್ತೇನೆ. ನಾನು ಕೈ ಎತ್ತದಿದ್ದದ್ದು, ಕ್ರೀಮು, ಎಲ್ಲ. ಕೆಲಸ ಹೋಗಬಹುದು. ಹೋಗುತ್ತದೆ ಅಂತಲೇ ಇಟ್ಟುಕೊಳ್ಳಿ. ನನ್ನ ದೊಡ್ಡ ಭಯ ಅದಲ್ಲ. ನೀವು ಅವತ್ತು ಗೊತ್ತಿಲ್ಲ ಅಂದದ್ದನ್ನು ಅವರು ಬರೆದುಕೊಂಡಿದ್ದಾರೆ. ಅದನ್ನು ಹಿಡಿದು ನಿಮ್ಮ ಮೇಲೆ ಏನಾದರೂ ಹೊರಿಸಿದರೆ, ನೀವು ಮನೆಗೆ ವಾಪಸ್ ಬರುವುದಕ್ಕೇ ಅಡ್ಡಿಯಾದರೆ ನಾನೇನು ಮಾಡಲಿ? ಆಕೆ ನನ್ನನ್ನು ಉಳಿಸಲು ಹಾಗೆ ಅಂದರು, ತಪ್ಪು ಪೂರ್ತಿ ನನ್ನದು ಅಂತ ಬರೆದುಕೊಡುತ್ತೇನೆ. ನಿಮಗೆ ಫೋನ್ ಬಂದರೆ ನೀವೂ ನಿಜವನ್ನೇ ಹೇಳಿ. ನಾನು ಹೌದು ನನ್ನ ಅತ್ತೆ ಅಂತ ಅಳುತ್ತಿರುವಾಗ ನೀವು ಅಲ್ಲಿಂದ, ನನ್ನ ಸೊಸೆ ದಪ್ಪಗಿದ್ದಾಳೆ, ಇವಳಲ್ಲ ಅಂತ ವಾದಿಸುತ್ತ ಕೂರಬೇಡಿ.

ಸೋಮವಾರ ಸಂಜೆ ಫೋನ್ ಮಾಡುತ್ತೇನೆ. ಅವತ್ತು ಒಂದು ದಿನ ಸ್ಪೀಕರ್ ಹಾಕಬೇಡಿ.

ನಿಮ್ಮನ್ನು ಎದುರಲ್ಲೇ ಗುರುತಿಸದೆ ಹೋದ,
ನಿಮ್ಮ ಸೊಸೆ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಯಂತ್ರ ಕೂಗಿದರೆ ಹಿಂದೆ ಸರಿಯಬೇಕು ಅಂತ ಮೇಲೆ ಬರೆದಿದ್ದೇನಲ್ಲ, ಅಂಥ ನಿಯಮ ಇಲ್ಲ. ಪ್ರಯಾಣಿಕರು ಗಾಬರಿಯಾಗದಂತೆ ಅವರ ಪಕ್ಕದಲ್ಲೇ ನಿಲ್ಲಬೇಕು ಅನ್ನುವುದು ನಮ್ಮ ನಿಯಮ. ಅದು ಕೂಗಿದಾಗ ನೀವು ಹೆದರಿ ನನ್ನ ಕೈ ಹಿಡಿಯಲು ನಿಮ್ಮ ಕೈ ಚಾಚಿದಿರಿ. ನಾನು ಹಿಂದೆ ಸರಿದದ್ದು ನಿಮಗೆ ಹೆದರಿ, ಅತ್ತೆ. ನಿಮ್ಮ ಬಳಿ ಬಾಂಬ್ ಇದೆ ಅಂತ ಆ ಒಂದು ಗಳಿಗೆ ನಾನು ನಂಬಿದ್ದೆ. ಅದು ನಿಮಗೆ ಅಲ್ಲೇ ಗೊತ್ತಾಯಿತು, ನಿಮ್ಮ ಕಣ್ಣಲ್ಲಿ ನೋಡಿದೆ. ಅದಾದ ಮೇಲೂ ನೀವು ನನ್ನನ್ನು ಉಳಿಸಿದಿರಿ.