ಕೈಗೆ ಕೊಡುವ ಟೋಪಿ

ಮಾರ್ಚ್ 4

ಬ್ಯಾಂಕಿಗೆ ಹೋಗಿ ಬಂದೆ. ಸಾಲಿನಲ್ಲಿ ಚಡ್ಡಿ ಹಾಕಿದ ಗಂಡಸು. ಮೀಸೆ ನರೆತಿದೆ, ಮೊಣಕಾಲು ಪ್ರದರ್ಶನಕ್ಕಿಟ್ಟಿದ್ದಾನೆ. ತಲೆಯ ಮೇಲಿನ ಕ್ಯಾಪು ಒಳಗೆ ಬಂದರೂ ಇಳಿಯಲಿಲ್ಲ. "ಏನಪ್ಪಾ, ಒಳಗೂ ಬಿಸಿಲಾ?" ಅಂದೆ. ಕಿವಿಯಲ್ಲಿ ವೈರು. ಕೇಳಿಸಿದರೆ ತಾನೇ.

ನಮ್ಮ ಯಜಮಾನರು ಸಿನಿಮಾ ಥಿಯೇಟರಿನ ಗೇಟಿನಲ್ಲಿ ಟಿಕೆಟ್ ಹರಿಯುತ್ತಾ ನಿಂತೇ ಮುದುಕರಾದವರು. "ಟೋಪಿ ತೆಗೀರಿ ಸ್ವಾಮಿ, ಹಿಂದೆ ಕೂತೋರಿಗೂ ಕಣ್ಣಿದೆ" — ಎಂಥ ದೊಡ್ಡ ಮನುಷ್ಯನನ್ನೂ ಬಿಟ್ಟವರಲ್ಲ. ಪರಹೆಂಗಸು ಎದುರಾದರೆ ತಮ್ಮ ಟೋಪಿ ತೆಗೆದು, ಎದೆಗೊತ್ತಿ, ತಲೆ ಬಾಗಿಸುತ್ತಿದ್ದರು. ನನಗೆ ಮಾತ್ರ ಒಂದು ದಿನವೂ ಆ ಮರ್ಯಾದೆ ಇಲ್ಲ. ಬಾಗಿಲಲ್ಲೇ ತೆಗೆದು ನನ್ನ ಕೈಗೆ ತುರುಕಿ "ಹಿಡಿಯೇ" ಅನ್ನುವುದು. ನಾನೇನು ಗೋಡೆಯ ಗೂಟವೇ?

ಮಾರ್ಚ್ 11

ಇವತ್ತು ಟೋಪಿ ಹಾಕಿಕೊಂಡೇ ಊಟಕ್ಕೆ ಕೂತರು. ಇವರು! ಮೊಮ್ಮಗಳು ಕಿಸಕ್ಕಂದಳು. "ಅಜ್ಜನೂ ಫ್ಯಾಷನ್ ಶುರು ಮಾಡಿದ್ರು!"

"ರೀ, ಟೋಪಿ ತೆಗೀರಿ, ಹಿಂದೆ ಕೂತೋರಿಗೂ ಕಣ್ಣಿದೆ" ಅಂದೆ. ನಗಲಿಲ್ಲ. ತಿರುಗಿ ನೋಡಿದರು... ಹಿಂದೆ ಗೋಡೆ.

ಮಾರ್ಚ್ 12

ಹಾಸಿಗೆಯಲ್ಲೂ ಟೋಪಿ. ತೆಗೆಯಲು ಹೋದರೆ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಏಪ್ರಿಲ್ 2

ಆಸ್ಪತ್ರೆ, ಸ್ಕ್ಯಾನು, ಮತ್ತೆ ಆಸ್ಪತ್ರೆ. ನನ್ನದು ಹಳ್ಳಿಯ ನಾಲ್ಕನೇ ಕ್ಲಾಸು, ಆ ಚಿತ್ರ ಏನು ಅರ್ಥವಾಗಬೇಕು. ಡಾಕ್ಟರ್ ಹುಡುಗ ಕಂಪ್ಯೂಟರ್ ನೋಡುತ್ತಲೇ ಹೇಳಿದ: "ಅಜ್ಜನ ಮರೆವು ಇನ್ನೂ ಜಾಸ್ತಿ ಆಗುತ್ತೆ ಅಜ್ಜಿ." ಕಾಲಲ್ಲಿ ಹವಾಯಿ ಚಪ್ಪಲಿ. ಡಾಕ್ಟರಿಗೆ! ಆ ಚಪ್ಪಲಿಯನ್ನೇ ನೋಡುತ್ತಾ ಕೂತಿದ್ದೆ. ಮುಖ ನೋಡಿದ್ದರೆ ಅತ್ತುಬಿಡುತ್ತಿದ್ದೆ.

"ಅತ್ತೆ, ಟೋಪಿ ವಿಷಯ ಬಿಟ್ಬಿಡಿ. ಹಾಕ್ಕೊಂಡ್ರೆ ಹಾಕ್ಕೊಳ್ಲಿ" ಅಂದಳು ಸೊಸೆ. ಬಿಟ್ಟೆ.

ಏಪ್ರಿಲ್ 19, ಸಂಜೆ

ಮಗನ ಜೊತೆ ವಾಕಿಂಗ್ ಮುಗಿಸಿ ಬಂದರು. ಬಾಗಿಲು ತೆಗೆದೆ. ನನ್ನನ್ನು ನೋಡಿದ್ದೇ ಟೋಪಿ ತೆಗೆದರು! ಎಷ್ಟು ದಿನದ ಮೇಲೆ... ಕೈ ಚಾಚಿದೆ. ಕೊಡಲಿಲ್ಲ. ಎದೆಗೊತ್ತಿಕೊಂಡು, ತಲೆ ಬಾಗಿಸಿ —

"ನಮಸ್ಕಾರಮ್ಮ. ನಮ್ಮ ಮನೆಯವಳನ್ನ ಸ್ವಲ್ಪ ಕರೀತೀರಾ?"

"ಅಪ್ಪಾ, ಅಮ್ಮನೇ ಅಲ್ವಾ ಇದು..." ಅಂದ ಮಗ. ಸುಮ್ಮನಿರು ಅಂತ ಸನ್ನೆ ಮಾಡಿದೆ.

"ಟೋಪಿ ಕೊಡಿ, ಇಡ್ತೀನಿ."

"ಬೇಡಿ ತಾಯಿ, ತಪ್ಪು ತಿಳ್ಕೋಬೇಡಿ. ಇದು ಅವಳ ಕೈಗೇ ಕೊಡೋದು."

ಕುರ್ಚಿ ಹಾಕಿದೆ. ಕೂರಲಿಲ್ಲ. ಪರಹೆಂಗಸು ನಿಂತಿರುವಾಗ ಕೂರುವವರಲ್ಲ. ಅದಕ್ಕೇ ಒಳಗೆ ಬಂದು ಬರೆಯುತ್ತಿದ್ದೇನೆ. ಈಗ ಕುರ್ಚಿ ಕಿರ್ ಅಂತು... ಕೂತರು.

"ಬಂದ್ಲಾ?" ಅಂತ ಅಲ್ಲಿಂದಲೇ ಕೇಳುತ್ತಿದ್ದಾರೆ.

ಬರ್ತಾಳೆ ಅಂದೆ. ಪೆಟ್ಟಿಗೆಯಲ್ಲಿ ಮದುವೆಯಾದ ಹೊಸತರಲ್ಲಿ ಹೊದೆಯುತ್ತಿದ್ದ ಹಸಿರು ಶಾಲು ಇರಬೇಕು. ಅದನ್ನು ಹೊದ್ದು, ತಲೆ ಬಾಚಿಕೊಂಡು, ಇನ್ನೊಂದು ಸಲ ಬಾಗಿಲಿಗೆ ಹೋಗಿ ಕೈ —