ಕಪ್ಪಾಗದ ಪಟ್ಟಿ

ಮಾರ್ಚ್ ೪, ಮಂಗಳವಾರ

ಪ್ರೀತಿಯ ತಮ್ಮಾ,

ಕರ್ತನ ಸಮಾಧಾನ ನಿಮ್ಮ ಮೂವರ ಮೇಲೂ ಇರಲಿ. ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ತಡವಾಯಿತೆಂದು ಕೋಪ ಮಾಡಿಕೊಳ್ಳಬೇಡ. ದಿನವಿಡೀ ಇಸ್ತ್ರಿ ಹಿಡಿದ ಕೈ ಸಂಜೆ ಪೆನ್ನು ಹಿಡಿಯಲು ಸತಾಯಿಸುತ್ತದೆ. ಕೂಸಿಗೆ ಹಲ್ಲು ಬಂತೆಂದು ಓದಿ ಸಂತೋಷವಾಯಿತು. ಇನ್ನು ನಿನ್ನ ಬೆರಳು ಜೋಪಾನ.

ನಾನು ಆಸ್ಪತ್ರೆಯ ಬಟ್ಟೆ ಕೋಣೆಗೆ ಬಂದು ಏಳು ತಿಂಗಳು. ಹೊದಿಕೆಯ ನಾಲ್ಕು ಮೂಲೆಯೂ ಕೂಡಲೇಬೇಕೆಂದು ನಾನು ಹಟ ಹಿಡಿಯುವುದನ್ನು ನೋಡಿ ಜೊತೆಯವಳು ನಗುತ್ತಾಳೆ. "ಅಕ್ಕಾ, ನಿಮ್ಮನ್ನ ಇಲ್ಲಿಗೆ ಶಿಕ್ಷೆಗೆ ಕಳಿಸಿರೋದು. ಇಷ್ಟು ಚೆನ್ನಾಗಿ ಮಡಚಿದ್ರೆ ಇಲ್ಲೇ ಇಟ್ಕೋತಾರೆ ನೋಡಿ!" ಅಮ್ಮ ಹೇಳುತ್ತಿದ್ದ ಬೈಬಲಿನ ಹುಡುಗನ ಕಥೆ ನೆನಪಾಗುತ್ತದೆ. ಒಡಹುಟ್ಟಿದವರೇ ಮಾರಿಬಿಟ್ಟ ಅವನು, ಸುಳ್ಳು ಆರೋಪದ ಮೇಲೆ ಸೆರೆಗೆ ಬಿದ್ದರೂ, ಸೆರೆಮನೆಯ ಕೆಲಸವನ್ನೂ ಅಚ್ಚುಕಟ್ಟಾಗಿಯೇ ಮಾಡಿದನಂತೆ. "ಅವನಿಗೆ ಸಿಟ್ಟೇ ಬರ್ಲಿಲ್ವಾ ಅಮ್ಮಾ?" ಎಂದು ನೀನು ಕೇಳುತ್ತಿದ್ದೆ. ಬಂದೇ ಇರುತ್ತದೆ ಕಣೋ. ನನಗೂ ಬರುತ್ತದೆ. ಆದರೆ ಇದು ದೇವರ ಕಣ್ಣೆದುರಿನ ಕೆಲಸ ಎಂದುಕೊಂಡು ಮಡಚುತ್ತೇನೆ. ಅದರ ಮೇಲೆ ಮಲಗುವ ರೋಗಿ ನನಗೇನು ಕೇಡು ಮಾಡಿದ್ದಾನೆ?

ಇಪ್ಪತ್ತನೆಯ ತಾರೀಖು ಮರುವಿಚಾರಣೆ ಇದೆ. ನನ್ನನ್ನು ಇಲ್ಲಿಗೆ ತಳ್ಳಿದ ಆ ದಿನ ನೀನೂ ಪಕ್ಕದಲ್ಲೇ ಕೆಲಸಕ್ಕಿದ್ದೆ. ಆದರೂ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನನಗೂ ಅಭ್ಯಾಸವಾಗಲಿ. ಕತ್ತರಿ, ಚಿಮುಟಗಳನ್ನು ಆವಿಯಲ್ಲಿ ಶುದ್ಧ ಮಾಡುವ ಯಂತ್ರ ತೆರೆದಾಗ ಒಳಗಿಟ್ಟಿದ್ದ ಕಾಗದದ ಪಟ್ಟಿ ಕಪ್ಪಾಗಿರಲಿಲ್ಲ, ಬರೀ ಬೂದು. ಎಂದರೆ ಆವಿ ಸಾಲಲಿಲ್ಲ. ಮೇಲ್ವಿಚಾರಕರು (ವರ್ಗವಾಗಿ ಹೋಗುವ ಮುಂಚೆ ನೀನಿಟ್ಟ ಗಡಿಯಾರ ಸಾಹೇಬರೆಂಬ ಹೆಸರೇ ಇನ್ನೂ ಓಡುತ್ತಿದೆ) ಕೈಗಡಿಯಾರ ತಟ್ಟುತ್ತಾ, "ಬೂದಾದ್ರೇನು, ಕಪ್ಪಾದ್ರೇನು? ಕಳಿಸಮ್ಮಾ ನೀನು" ಎಂದರು. ನಾನು ಕಳಿಸಲಿಲ್ಲ. ಮತ್ತೆ ಒಳಗಿಟ್ಟೆ. ಶಸ್ತ್ರಚಿಕಿತ್ಸೆ ತಡವಾಯಿತು, ದೊಡ್ಡ ಡಾಕ್ಟರು ಕೂಗಾಡಿದರು. ಪಟ್ಟಿ ಕಪ್ಪಾಗಿಯೇ ಇತ್ತು, ಈಕೆಯದೇ ಹಟ ಎಂದು ಸಾಹೇಬರು ಬರೆದುಕೊಟ್ಟರು. ವಿಚಾರಣೆಯಲ್ಲಿ ತೋರಿಸಲೆಂದು ದಿನದಿನದ ಪಟ್ಟಿ ಅಂಟಿಸುವ ನನ್ನ ಪುಸ್ತಕ ತೆರೆದರೆ, ಆ ದಿನದ ಹಾಳೆಯನ್ನೇ ಯಾರೋ ಹರಿದಿದ್ದರು.

ಕಳೆದ ವಾರ ಸಾಹೇಬರೇ ನನ್ನ ಇಸ್ತ್ರಿ ಮೇಜಿನ ಹತ್ತಿರ ಬಂದು ನಿಂತರು. ಅವರ ತಾಯಿಗೆ ಶಸ್ತ್ರಚಿಕಿತ್ಸೆ. "ಪಟ್ಟಿ ಒಂದ್ಸಲ ನೀವೇ ನೋಡ್ಬಿಡಿ" ಎಂದರು. ಏಳು ತಿಂಗಳಲ್ಲಿ "ನೀನು" ಹೋಗಿ "ನೀವು" ಆಗಿದ್ದೆ. ಇಸ್ತ್ರಿ ಆರಿಸಿ ಹೋದೆ. ಪಟ್ಟಿ ಬೂದು. "ಮತ್ತೆ ಇಡ್ಬೇಕು, ಮುಕ್ಕಾಲು ಗಂಟೆ" ಎಂದೆ. ಕಾದರು. ಒಮ್ಮೆಯೂ ಕೈಗಡಿಯಾರ ನೋಡಲಿಲ್ಲ. ಅಲ್ಲೇ ಇದ್ದ ದೊಡ್ಡ ಡಾಕ್ಟರು ಬೂದು ಪಟ್ಟಿಯನ್ನು ಕಣ್ಣಾರೆ ಕಂಡರು. ಮರುವಿಚಾರಣೆ ಆಗಲೇಬೇಕೆಂದವರು ಅವರೇ. ಪಟ್ಟಿ ಕಪ್ಪಾದ ಮೇಲೆ ನಾನು ಇಸ್ತ್ರಿಗೆ ಮರಳಿದೆ. ಆ ತಾಯಿ ಈಗ ಎದ್ದು ಓಡಾಡುತ್ತಿದ್ದಾರೆ.

ನನ್ನ ಹಳೆಯ ಕೆಲಸ ಸಿಗುವುದೋ ಬಿಡುವುದೋ, ದೇವರಿಗೆ ಬಿಟ್ಟಿದ್ದೇನೆ. ನಿನ್ನ ಹೆಂಡತಿಗೆ ನನ್ನ ಪ್ರೀತಿ ಹೇಳು. ಕೂಸಿನ ತಲೆ ಮುಟ್ಟಿ ನನ್ನ ಪರವಾಗಿ ಪ್ರಾರ್ಥಿಸು. ದೇವರು ನಿನ್ನನ್ನು ಕಾಯಲಿ.

ನಿನ್ನ
ಅಕ್ಕ

ತಾ.ಕ.: ಆ ಪುಸ್ತಕವಿದ್ದ ಕಪಾಟಿಗೆ ಎರಡೇ ಬೀಗದಕೈ. ಒಂದು ಆಗ ನನ್ನ ಕೊರಳಲ್ಲಿತ್ತು. ಇನ್ನೊಂದು ಊಟದ ಡಬ್ಬಿ ಇಟ್ಟುಕೊಳ್ಳಲೆಂದು ನಾನೇ ನಿನಗೆ ಕೊಟ್ಟದ್ದು. ಕೂಸು ಹುಟ್ಟಿ ಹದಿನೈದು ದಿನವಾಗಿತ್ತು, ನಿನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಸಾಹೇಬರು ನಿನ್ನನ್ನು ಒಳಗೆ ಕರೆಸಿಕೊಂಡಿದ್ದರು. ಎಲ್ಲ ಗೊತ್ತು. ಹಾಳೆ ಹೋದದ್ದು ಹೋಗಲಿ. ಅಂದು ಮನೆಗೆ ಬಂದು ನನ್ನ ಪಕ್ಕದಲ್ಲೇ ಕೂತು "ಯಾರು ಹರಿದಿರ್ತಾರೆ ಅಕ್ಕಾ?" ಎಂದು ಕೇಳಿದೆಯಲ್ಲ, ಅದು ಇಂದಿಗೂ ನೋಯುತ್ತದೆ. ಬೀಗದಕೈ ಎಷ್ಟೆಂದು ಕಳೆದ ಸಲ ಯಾರೂ ಕೇಳಲಿಲ್ಲ. ಈ ಸಲ ಕೇಳುತ್ತಾರೆ. ನಾನು ಸುಳ್ಳು ಹೇಳುವುದಿಲ್ಲವೆಂದು ನಿನಗೆ ಗೊತ್ತು. ಹತ್ತೊಂಬತ್ತಕ್ಕೇ ಬಂದುಬಿಡು, ಊಟ ಇಲ್ಲೇ. ಮರುದಿನ ಒಟ್ಟಿಗೆ ಹೋಗೋಣ. ನನಗಿಂತ ಮೊದಲು ನೀನು ಮಾತಾಡು.