ನೀಲಿ ನೀರಿನ ಬಳಿ ಕೂಗಿದ ಹೆಸರು

ಸಾನ್ ಕ್ರಿಸ್ತೋಬಾಲ್
ಮೇ ೧೭

ಪ್ರೀತಿಯ ಅವ್ವನಿಗೆ,

ನಿನ್ನ ಮುಂದೆ ತಲೆ ಬಗ್ಗಿಸಿ ನಿಂತಿದ್ದೇನೆ ಎಂದುಕೊ. ಕೈಯ ಹಿಂಬದಿಯಿಂದ ನನ್ನ ಹಣೆ ಮುಟ್ಟಿ ಹರಸುತ್ತೀಯೋ, ಹಾಗೇ ನಿಲ್ಲಿಸಿಬಿಡುತ್ತೀಯೋ, ನಿನಗೆ ಬಿಟ್ಟದ್ದು.

ಇಲ್ಲಿಂದ ನಮ್ಮೂರು ಸಿನಕಾಂತಾನ್‌ಗೆ ಟೆಂಪೊದಲ್ಲಿ ಅರ್ಧ ಗಂಟೆಯ ದಾರಿ. ಬೆಳಿಗ್ಗೆ ಹೂವು ಇಳಿಸಿ ವಾಪಸಾಗುವ ಗಾಡಿಗಳು ಅತ್ತೆಯ ಮಿಠಾಯಿ ಅಂಗಡಿಯ ಮುಂದೆಯೇ ತಿರುಗುತ್ತವೆ. ಹತ್ತಿ ಕೂತರೆ ನಿನ್ನ ಬಾಗಿಲಲ್ಲಿ ಇಳಿಯಬಹುದು. ಆದರೂ ಕಾಗದ ಬರೆಯುತ್ತಿದ್ದೇನೆ, ಏಕೆಂದರೆ ನಿನಗೆ ತೋರಿಸಲು ನನಗೆ ಮುಖವಿಲ್ಲ. ಫೋನ್ ಮಾಡಿದರೆ ನೀನು ‘ಹೂಂ, ಆಯ್ತು, ಉಂಡ್ಯಾ’ ಎಂದು ಮುಗಿಸುತ್ತೀ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ, ‘ಉಂಡ್ಯಾ’ ಎಂದರೆ ಏನು ಹೇಳಲಿ? ಸ್ಪ್ಯಾನಿಷ್‌ನಲ್ಲಿ ಬರೆದ ಇದನ್ನು ತಮ್ಮನ ಹೆಂಡತಿ ಕತಾಲ್ ಓದಿ ನಮ್ಮ ಮಾತಿನಲ್ಲಿ ನಿನಗೆ ಹೇಳುತ್ತಾಳೆ. ಕತಾಲ್, ನಡುವೆ ನಿನ್ನ ಉಪ್ಪುಕಾರ ಸೇರಿಸಬೇಡ, ಇದ್ದದ್ದೇ ಸಾಕಷ್ಟಿದೆ.

ನಿನ್ನ ಮೊಮ್ಮಗ ಇಕೆರ್ ಚೆನ್ನಾಗಿದ್ದಾನೆ. ಉಣ್ಣುತ್ತಾನೆ, ಮಲಗುತ್ತಾನೆ, ಅಂಗಡಿಯ ತೆಂಗಿನ ಮಿಠಾಯಿ ಕದಿಯುತ್ತಾನೆ. ನೀರಿಗೆ ಬಿದ್ದದ್ದು ಅವನಿಗೆ ನೆನಪೇ ಇಲ್ಲ. ಅಜ್ಜಿ ಯಾವಾಗ ಬರ್ತಾಳೆ ಎಂದು ಮಾತ್ರ ದಿನಕ್ಕೊಮ್ಮೆ ಕೇಳುತ್ತಾನೆ.

ಹೋದ ಭಾನುವಾರದ ಅಮ್ಮಂದಿರ ದಿನಕ್ಕೆ ಇಬ್ಬರು ಅಮ್ಮಂದಿರನ್ನೂ ಕರೆದುಕೊಂಡು ಜಲಪಾತ ನೋಡಿ, ಪಲೆಂಕೆಯ ಹಳೇ ಗುಡಿಗಳಿಗೆ ಹೋಗಿಬರೋಣ ಎಂದವಳು ನಾನಲ್ಲ, ಅತ್ತೆ. ‘ನಿಮ್ಮಮ್ಮ ಒಂದಿನನಾದ್ರೂ ಸುಮ್ನೆ ಕೂತು ತಿರುಗಾಡ್ಲಿ ಕಣೆ’ ಎಂದರು. ನಿನ್ನ ಅಳಿಯ ಎಫ್ರೈನ್ ಕೂಡಲೇ ತನ್ನ ಚಿಕ್ಕಪ್ಪನ ಮಗ ಉಂಬೆರ್ತೊಗೆ ಹೇಳಿದ. ಅವನು ದಿನವೂ ಪ್ರವಾಸಿಗಳನ್ನು ವ್ಯಾನಿನಲ್ಲಿ ತುಂಬಿಕೊಂಡು ಅದೇ ದಾರಿ ಸವೆಸುವವನು. ಎಲ್ಲರಿಗೂ ಸಂತೋಷವಾಯಿತು. ನನಗೆ ಮಾತ್ರ ನೀನೇನು ಹೊದ್ದು ಬರುತ್ತೀಯೋ ಎಂಬ ಚಿಂತೆ. ಮಾರನೆಯ ದಿನವೇ ನಿನಗೆ ಆ ಬೂದು ಬಣ್ಣದ ಸ್ವೆಟರ್ ಕಳಿಸಿದೆ, ಚಳಿಗೆ ಎಂದು ಹೇಳಿ.

ನೀನು ಅದನ್ನು ಹಾಕಿಕೊಂಡು ಬರಲಿಲ್ಲ. ಹೊಸ ಶಾಲು ಹೊದ್ದು ಬಂದೆ, ಈ ವರ್ಷ ನಮ್ಮೂರಲ್ಲಿ ಎಲ್ಲರೂ ಹೊದೆಯುತ್ತಿರುವ ನೇರಳೆ ಬಣ್ಣದ್ದು, ಅಂಚಿನ ತುಂಬ ಕಸೂತಿ ಹೂವು. ಹಬ್ಬಕ್ಕೆ ಬಂದವಳ ಹಾಗೆ ಬಂದೆ. ನಿನ್ನದೇ ಹಬ್ಬ ತಾನೇ ಅದು. ನಾನು ಹತ್ತಿರ ಬಂದು ಸ್ವೆಟರ್ ಎಲ್ಲಿ ಎಂದು ಪಿಸುಗುಟ್ಟಿದೆ. ‘ಬೋ ಬೆಚ್ಚಗದೆ ಕಣವ್ವ, ಕೋಳಿಮರಿ ಬುಟ್ಟಿಗೆ ಹೊದಿಸಿವ್ನಿ’ ಎಂದೆ ನೀನು. ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ.

ವ್ಯಾನಿನಲ್ಲಿ ನೀನು ಕಾಳು ತುಂಬಿದ ತಮಾಲ್ ಕಡುಬು ಬಿಚ್ಚಿ ಎಲ್ಲರಿಗೂ ಹಂಚಿದೆ. ಅತ್ತೆ ಎರಡು ತಿಂದರು, ಉಂಬೆರ್ತೊ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದರಲ್ಲಿ ತಿಂದ. ನಾನು ಹಸಿವಿಲ್ಲ ಎಂದೆ. ಒಕೊಸಿಂಗೊ ತಿರುವುಗಳಲ್ಲಿ ನಿನಗೆ ವಾಂತಿಯಾಯಿತು. ಅತ್ತೆ ನಿನ್ನ ಬೆನ್ನು ಸವರಿ, ನಿಂಬೆ ಹೆಚ್ಚಿ ಮೂಗಿಗೆ ಹಿಡಿದು, ‘ಬೀಗ್ರೇ, ಕಣ್ಣು ಮುಚ್ಕೊಂಡು ಮೂಸಿ, ಈ ದಾರೀಲಿ ನಾನೂ ಹಿಂಗೇ’ ಎಂದರು. ನಾನು ಕಿಟಕಿಯ ಹೊರಗೆ ಮರ ಎಣಿಸುವವಳಂತೆ ಕೂತಿದ್ದೆ. ಹೆತ್ತವಳ ಬೆನ್ನು ಸವರುವುದಕ್ಕೂ ಬೀಗಿತ್ತಿಯೇ ಬೇಕಾಯಿತು.

ಆಗ್ವಾ ಅಸುಲ್ ಜಲಪಾತದ ಹತ್ತಿರ ಇಳಿದೆವು. ಮಳೆಗಾಲ ಹಿಡಿಯುವ ಮುಂಚಿನ ಆ ನೀರು ಎಷ್ಟು ನೀಲಿಯೆಂದರೆ ಯಾರೋ ಬಣ್ಣ ಕದಡಿದ್ದಾರೆ ಎನ್ನಬೇಕು. ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕಾಡಿನೊಳಗೆ ಹೋಗುತ್ತದೆ. ನೀನು ಮೊದಲು ಬಗ್ಗಿ ನೀರನ್ನು ಮುಟ್ಟಿ, ಬಂದಿದ್ದೇವೆ, ಇರಗೊಡು ಎಂದು ಅದಕ್ಕೆ ಹೇಳಿದೆ. ನಾನು ಸುತ್ತ ನೋಡಿದೆ, ಯಾರಾದರೂ ನೋಡಿದರೇನೋ ಎಂದು.

ಆಮೇಲಿನದು ನಿನಗೂ ಗೊತ್ತು. ಪಾಚಿ ಕಲ್ಲಿನ ಮೇಲೆ ಇಕೆರ್ ಜಾರಿದ, ಮುಳುಗಿದ. ನಾನು ಕಿರುಚಿದೆ. ಎಫ್ರೈನ್ ಧುಮುಕಿ ಎತ್ತಿಕೊಂಡ. ಮಗು ಎರಡು ಸಲ ಕೆಮ್ಮಿ, ಒಮ್ಮೆ ಅತ್ತು, ಹುರಿದ ಬಾಳೆಹಣ್ಣು ಕೈಗೆ ಬಂದ ಕೂಡಲೇ ಸುಮ್ಮನಾಯಿತು. ನಾನು ಮಾತ್ರ ಅವನ ಅಂಗಿ ಹಿಡಿದ ಕೈ ಬಿಡಲೇ ಇಲ್ಲ. ನೀನು ಶಾಲು ತೆಗೆದು ಅದರಿಂದಲೇ ಆ ಕಲ್ಲನ್ನು ಗುಡಿಸಲು ಶುರು ಮಾಡಿದೆ. ಗಿಡದಿಂದ ಒಂದು ರೆಂಬೆ ಮುರಿದು ನೀರಿಗೆ ಹೊಡೆಯುತ್ತ, ಎದ್ದು ಬಾ ಇಕೆರ್, ಇಲ್ಲಿ ಕೂರಬೇಡ, ಮನೆಗೆ ಹೋಗೋಣ ಬಾ ಎಂದು ಕೂಗತೊಡಗಿದೆ. ಬೆಚ್ಚಿದ ಕಡೆ ಜೀವದ ತುಣುಕು ಉಳಿದುಬಿಡುತ್ತದೆ, ಕರೆಯದಿದ್ದರೆ ಅದು ಬರುವುದಿಲ್ಲ. ನಾನು ಹಸುಗೂಸಾಗಿದ್ದಾಗ ಹೂವಿನ ತೋಟದಲ್ಲಿ ನೀನು ಕೂತು ಎದ್ದ ಜಾಗವನ್ನೆಲ್ಲ ಹೀಗೇ ಗುಡಿಸುತ್ತಿದ್ದೆಯಂತೆ, ನನ್ನದೊಂದು ಚೂರೂ ಅಲ್ಲಿ ಉಳಿಯದಿರಲಿ ಎಂದು.

ಜನ ಸೇರಿದರು. ಮೊಬೈಲ್ ಎತ್ತಿದರು. ‘ಏನ್ ಮಾಡ್ತಿದಾರೆ ನಿಮ್ಮಮ್ಮ?’ ಎಂದು ಅತ್ತೆ ಕೇಳಿದರು, ತಿಳಿಯದೆ ಕೇಳಿದರು, ಅಷ್ಟೇ. ನಾನು ನಕ್ಕೆ. ಹಳೇ ಕಾಲದವರ ಹುಚ್ಚು, ನಾನಂತೂ ಇದನ್ನೆಲ್ಲ ನೋಡಿದ್ದೇ ಇಲ್ಲ ಎಂದೆ. ಆಮೇಲೆ ನಿನ್ನ ಕಡೆ ತಿರುಗಿ, ಎಲ್ಲರಿಗೂ ತಿಳಿಯಲೆಂದೇ ಸ್ಪ್ಯಾನಿಷ್‌ನಲ್ಲಿ, ‘ಸಾಕು ನಿಲ್ಸು, ಜನ ನೋಡ್ತಿದಾರೆ, ಮಾನ ಕಳೀಬೇಡ’ ಎಂದೆ. ನಿನ್ನ ಕೈಯಲ್ಲಿನ ರೆಂಬೆ ಹಾಗೇ ನಿಂತಿತು. ಅರ್ಧಕ್ಕೆ ನಿಲ್ಲಿಸಬಾರದ ಕೆಲಸ ಅದು, ನನಗೂ ಗೊತ್ತಿತ್ತು. ನೀನು ಒದ್ದೆ ಶಾಲನ್ನೇ ಹೊದ್ದು ಬಂದು ವ್ಯಾನ್ ಹತ್ತಿದೆ. ಪಲೆಂಕೆಯವರೆಗೂ ಇಕೆರ್‌ನನ್ನು ತೊಡೆಯ ಮೇಲಿಟ್ಟುಕೊಂಡು, ಅವನ ಮಣಿಕಟ್ಟು ಹಿಡಿದು ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದೆ. ನಾನು ಜೋಗುಳವೆಂದುಕೊಂಡೆ. ಉಳಿದರ್ಧವನ್ನು ನೀನು ಅಲ್ಲಿ ಮುಗಿಸುತ್ತಿದ್ದೆ ಎಂದು ಈಗ ಅರ್ಥವಾಗುತ್ತದೆ.

ಪಲೆಂಕೆಯದನ್ನು ಬರೆಯಲು ಪೆನ್ನು ಮುಂದಕ್ಕೆ ಹೋಗುವುದಿಲ್ಲ. ದೊಡ್ಡ ಗುಡಿಯ ಮೆಟ್ಟಿಲ ಕೆಳಗೆ ಒಬ್ಬ ಗೈಡ್ ತನ್ನ ಗುಂಪಿಗೆ ರಾಜರ ಕಥೆ ಹೇಳುತ್ತಿದ್ದವನು ನಿನ್ನನ್ನು ಕಂಡು, ‘ಇದನ್ನ ಕಟ್ಟಿದೋರು ಎಲ್ಲೂ ಹೋಗಿಲ್ಲ, ನೋಡಿ, ಇಲ್ಲೇ ಇದಾರೆ’ ಎಂದ. ಜನ ನಿನ್ನ ಜೊತೆ ಫೋಟೊ ಬೇಕೆಂದರು. ಅತ್ತೆ ಕೂದಲು ಸರಿ ಮಾಡಿಕೊಂಡು ನಿನ್ನ ಪಕ್ಕ ನಿಂತು, ‘ನಮ್ಮ ಬೀಗ್ರು ಇವ್ರು’ ಎಂದು ಬೀಗಿದರು. ನಾನು ಪಕ್ಕಕ್ಕೆ ಸರಿದೆ. ಗೈಡ್ ನನ್ನ ಕಡೆ ತಿರುಗಿ, ‘ನೀವೂ ಅವ್ರ ಪೈಕೀನಾ?’ ಎಂದ. ಇಲ್ಲ, ನಾನು ಸಾನ್ ಕ್ರಿಸ್ತೋಬಾಲ್‌ನವಳು ಎಂದೆ. ನಿನ್ನದೇ ಮೂಗು, ನಿನ್ನದೇ ಕೆನ್ನೆ ಹೊತ್ತುಕೊಂಡು ನಿಂತು ಹಾಗೆಂದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ, ಅವನು ನಕ್ಕು ಗುಂಪಿನ ಕಡೆ ತಿರುಗಿದ. ಅಷ್ಟು ಸ್ಪ್ಯಾನಿಷ್ ನಿನಗೆ ತಿಳಿಯುತ್ತದೆ. ನೀನು ನನ್ನ ಮುಖ ನೋಡಿದೆ. ಸಿಟ್ಟಿನಿಂದಲ್ಲ, ಜ್ವರ ಬಂದ ಮಗುವನ್ನು ನೋಡುವ ಹಾಗೆ. ‘ನೆಳ್ಳಾಗೆ ಕುಂತಿರ್ತೀನಿ’ ಎಂದು ನಮ್ಮ ಮಾತಿನಲ್ಲಿ ಹೇಳಿ ಹೋದೆ. ನಾನು ಸ್ಪ್ಯಾನಿಷ್‌ನಲ್ಲಿ ಸರಿ ಎಂದೆ.

ಹೊರಡುವ ಹೊತ್ತಿಗೆ ನೀನು ನೆರಳಲ್ಲಿರಲಿಲ್ಲ. ಹುಡುಕಿದೆವು. ಉಂಬೆರ್ತೊ ಕಾಯಲು ಒಪ್ಪಲಿಲ್ಲ, ಕತ್ತಲಾದರೆ ಆ ದಾರಿಯಲ್ಲಿ ಹಗ್ಗ ಕಟ್ಟಿ ಗಾಡಿ ನಿಲ್ಲಿಸಿ ದೋಚುತ್ತಾರೆ ಎಂದ. ಹೂವು ಮಾರಲು ಊರೂರು ಸುತ್ತಿದವಳು, ದಾರಿ ಗೊತ್ತಿಲ್ಲದವಳೇನಲ್ಲ ಎಂದು ಸಮಾಧಾನ ಮಾಡಿಕೊಂಡು ಹತ್ತಿದೆವು. ಮಾರನೆಯ ದಿನ ಸಂಜೆ ಕತಾಲ್ ಫೋನ್ ಮಾಡಿ, ನೀನು ಈಗಷ್ಟೇ ಬಂದೆ, ನಿನ್ನ ಕಾಲು ಊದಿದೆ ಎಂದಾಗ ಉಸಿರು ಬಂತು.

ಬುಧವಾರ ಉಂಬೆರ್ತೊ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಆಗ್ವಾ ಅಸುಲ್‌ನಲ್ಲಿ ಎಂಪನಾಡಾ ಕರಿಯುವ ಹೆಂಗಸು ಅವನಿಗೊಂದು ಕಥೆ ಹೇಳಿದ್ದಳಂತೆ. ಭಾನುವಾರ ಸಂಜೆ ಯಾರೋ ಮುದುಕಿ ಟೆಂಪೊ ಇಳಿದು ಬಂದಳಂತೆ, ಮೈಮೇಲೆ ಸಿನಕಾಂತಾನ್ ಶಾಲಂತೆ. ಒಲೆಯ ಪಕ್ಕ ಜಾಗ ಕೇಳಿ ಮಲಗಿದಳಂತೆ. ಬೆಳಕು ಹರಿಯುವಾಗ ನೀರಿನ ಅಂಚಿನಲ್ಲಿ ಕೂತು ರೆಂಬೆಯಿಂದ ಹೊಡೆಯುತ್ತ, ಗಂಟಲು ಕಟ್ಟುವವರೆಗೂ ಒಂದೇ ಹೆಸರು ಕೂಗಿದಳಂತೆ. ‘ಲೋಶಾ, ಲೋಶಾ ಅಂತಿದ್ಲಂತೆ. ಯಾರಪ್ಪಾ ಈ ಲೋಶಾ?’ ಎಂದು ನಕ್ಕ. ಮೇಜಿನ ಸುತ್ತ ಯಾರಿಗೂ ಗೊತ್ತಿಲ್ಲ. ಈ ಮನೆಯಲ್ಲಿ ನಾನು ರೋಸಲಿಯಾ, ಮುದ್ದಿಗೆ ರೋಸಿ. ಮದುವೆಯಾಗಿ ಬಂದ ದಿನದಿಂದ ನೀನು ಕರೆಯುವ ಲೋಶಾ ಎಂಬ ಹೆಸರನ್ನು ನಾನು ಇಲ್ಲಿ ಯಾರ ಕಿವಿಗೂ ಹಾಕಿಲ್ಲ. ಆ ಮುದುಕಿ ನೀನೇ ಎಂಬುದೂ ಅವರಿಗೆ ಹೊಳೆಯಲಿಲ್ಲ. ಏಕೆ ಹೊಳೆಯಲಿಲ್ಲ ಎಂಬುದು ಬೇರೆ ಮಾತು. ನಾನು ಉಪ್ಪು ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ.

ಇಕೆರ್‌ಗಾಗಿ ಹೋಗಿರುತ್ತೀ ಎಂದುಕೊಂಡಿದ್ದೆ. ಕತಾಲ್‌ಗೆ ಫೋನ್ ಮಾಡಿ, ನನ್ನ ಹೆಸರು ಯಾಕೆ ಕೂಗಿದಳು ಕೇಳು ಎಂದೆ. ಕೇಳಿ ಹೇಳಿದಳು. ‘ಮಗ ಬರೀ ನೆಂದಿತ್ತು. ಬೆಚ್ಚಿದ್ದು ಅವ್ಳು. ಆಮ್ಯಾಕೆ ವ್ಯಾನ್ ಹತ್ತಿದೋಳು ನನ್ ಮಗಳಲ್ಲ, ನನ್ ಮಗಳು ಹಂಗೆಲ್ಲ ಮಾತಾಡೋಳಲ್ಲ’ ಎಂದೆಯಂತೆ.

ಅವ್ವಾ, ಅದನ್ನು ಕೇಳಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ. ನೀನು ನನ್ನ ತಪ್ಪಿಗೆ ಒಂದು ಕಾರಣ ಹುಡುಕಿ, ಅದನ್ನು ತೊಳೆಯಲು ಕಾಲು ಊದಿಸಿಕೊಂಡು ಕಾಡಿಗೆ ಹೋಗಿ ಬಂದೆ. ಆದರೆ ನಾನು ಹಾಗಾದದ್ದು ನೀರಿನ ಬಳಿ ಅಲ್ಲ. ಇಕೆರ್ ಬೀಳುವ ಮುಂಚೆಯೇ ಹಾಗಿದ್ದೆ. ಸ್ವೆಟರ್ ಕೊಂಡದ್ದು ಅದಕ್ಕೂ ಮುಂಚೆ. ನಿನ್ನ ಬಗ್ಗೆ ನಾಚಿಕೊಂಡೆ, ಈಗ ನನ್ನ ಬಗ್ಗೆ ನಾಚಿಕೆಯಿಂದ ಸಾಯುತ್ತಿದ್ದೇನೆ. ಹಾಗೆ ನಡೆದುಕೊ ಎಂದು ಈ ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ, ಎಲ್ಲ ನನ್ನದೇ.

ಮುಂದಿನ ಭಾನುವಾರ ಇಕೆರ್‌ನನ್ನು ಕರೆದುಕೊಂಡು ಬರುತ್ತೇನೆ. ಬಾಗಿಲು ತೆರೆದಿದ್ದರೆ ಒಳಗೆ ಬರುತ್ತೇನೆ, ಇಲ್ಲದಿದ್ದರೆ ಅಂಗಳದಲ್ಲಿ ಕೂರುತ್ತೇನೆ. ಕಾಲಿಗೆ ಬಿಸಿನೀರು ಹಾಕಿಕೊ.

ನಿನ್ನ ಮಗಳು,
ಲೋಶಾ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಕತಾಲ್, ಇದನ್ನೂ ಜೋರಾಗಿ ಓದು, ನುಂಗಬೇಡ. ಉಂಬೆರ್ತೊ ಕಾಯಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಹುಡುಕಿದೆವು ಎಂದದ್ದೂ ಸುಳ್ಳು. ಕತ್ತಲಾದರೂ ಪರವಾಗಿಲ್ಲ ಎಂದ ಅವನು. ಅತ್ತೆ ಚಪ್ಪಲಿ ಬಿಟ್ಟು ರಸ್ತೆಯ ಕಟ್ಟೆಯ ಮೇಲೆ ಕೂತು, ‘ಬೀಗ್ರು ಬರ್ದೆ ನಾನು ಹತ್ತೋಳಲ್ಲ’ ಎಂದರು. ನಾನೇ, ಅವ್ವ ಒಕೊಸಿಂಗೊದಲ್ಲಿರುವ ತನ್ನ ಅಕ್ಕನ ಮನೆಗೆ ಹೋದಳು, ನನಗೆ ಹೇಳಿಯೇ ಹೋದಳು ಎಂದೆ. ನಿನಗೆ ಅಕ್ಕ ಎಲ್ಲಿದ್ದಾಳೆ? ಅವರು ನಂಬಿದರು. ಈ ಕಾಗದವನ್ನು ಟೆಂಪೊದವನ ಕೈಗೆ ಕೊಟ್ಟು, ಒಳಗೆ ಹೋಗಿ ಅತ್ತೆಗೆ ಎಲ್ಲ ಹೇಳುತ್ತೇನೆ, ಲೋಶಾ ಯಾರೆಂಬುದನ್ನೂ. ಇನ್ನೊಂದಿದೆ. ನೀನು ಹೋದದ್ದನ್ನು ನಾನು ಕಂಡಿದ್ದೆ. ಟೋಪಿ ಮಾರುವ ಅಂಗಡಿಯ ಹಿಂದೆ ನಿಂತಿದ್ದೆ. ನೀನು ಟೆಂಪೊದ ಮೇಲೆ ಒಂದು ಕಾಲಿಟ್ಟು, ಹಿಂದೆ ತಿರುಗಿ, ಯಾರಾದರೂ ಬರುತ್ತಾರೇನೋ ಎಂದು ತುಂಬ ಹೊತ್ತು ನೋಡಿದೆ. ಹೋಗಲಿ, ಇನ್ನು ನಿರಾಳ ಎಂದುಕೊಂಡು ನಾನು ಬಾಯಿ ಬಿಡಲಿಲ್ಲ. ಒಂದು ಸಲ ಅವ್ವಾ ಎಂದು ಕೂಗಿದ್ದರೆ ನೀನು ಇಳಿಯುತ್ತಿದ್ದೆ. ನಾನು ಕೂಗಲಿಲ್ಲ. ನೀನು ಹೋಗಿ, ಗಂಟಲು ಕಟ್ಟುವವರೆಗೂ ನನ್ನನ್ನು ಕೂಗಿದೆ.